ಗಾಳಿಯಲ್ಲಿ ಯಜಮಾನರ ಹೆಸರು

ಸಾಯುವ ಹಿಂದಿನ ದಿನ ದೇವರಾಜು ಸ್ಟೂಲು ಹತ್ತಿ ನಿಂತು ವೈಫೈ ಡಬ್ಬಿಯನ್ನು ಬೈಯುತ್ತಿದ್ದ. ನಾಳೆ ಇರುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ, ಡಬ್ಬಿಗೂ ಗೊತ್ತಿರಲಿಲ್ಲ. ಲಿಂಗಮ್ಮನಿಗೆ ಗೊತ್ತಿದ್ದರೆ ಅವತ್ತಿನ ಹುರುಳಿ ಸಾರಿಗೆ ಅಷ್ಟು ಉಪ್ಪು ಹಾಕುತ್ತಿರಲಿಲ್ಲ.

"ಲಿಂಗೀ, ಹೊರಗೆ ಹೋಗಿ ನಿಂತ್ಕೊ. ಬಂದ್ರೆ ಕೂಗು."

"ಒಲೆ ಮೇಲೆ ಹಾಲಿದೆ. ನಿಮ್ಮ ಗಾಳಿಗಿಂತ ನಂಗೆ ಹಾಲು ಮುಖ್ಯ."

"ಹಾಲು ಉಕ್ಕಿದ್ರೆ ಬೆಕ್ಕು ನೆಕ್ಕುತ್ತೆ. ನೆಟ್ ಬರ್ದಿದ್ರೆ ಸೊಸೆ ಮುಖ ಊದಿಸ್ಕೋತಾಳೆ. ಹೋಗೇ."

ಲಿಂಗಮ್ಮ ಅಂಗಳಕ್ಕೆ ಹೋಗಿ ಕೊಟ್ಟಿಗೆ ಪಕ್ಕ ಫೋನನ್ನು ದೀಪದ ಹಾಗೆ ಎತ್ತಿ ಹಿಡಿದು ನಿಂತಳು.

"ಬಂತಾ?"

"ಇಲ್ಲ."

"ಈಗ?"

"ಇಲ್ಲ."

"ಈಗ ಬಂತಾ?"

"ಬಂತು, ಬಂತು! ಇಳೀರಿ ಇನ್ನು. ಆ ಸ್ಟೂಲಿನ ಕಾಲು ಅಲ್ಲಾಡುತ್ತೆ, ರಿಪೇರಿ ಮಾಡಿ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ."

"ಹಾಂ," ಅಂದ ದೇವರಾಜು. ಮಾತು ಮುಗಿಯಿತು ಅನ್ನುವುದಕ್ಕೆ ಅವನು ಹಾಕುತ್ತಿದ್ದ ಮೊಹರು ಅದು.

ಈ ಕೂಗಾಟ ವೈಫೈ ಕಲಿಸಿದ್ದಲ್ಲ. ಶುಂಠಿ ಕಲಿಸಿದ್ದು. ದೇವರಾಜುವಿನ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆ ನಿಂತ ಮನೆ ಅದು. ಶುಂಠಿ ಹೊಲದ ಈ ತುದಿಗೆ ಮೋಟರ್ ಮನೆ, ಆ ತುದಿಗೆ ಸ್ಪ್ರಿಂಕ್ಲರ್. ಗಂಡ ಸ್ವಿಚ್ ಹಾಕಿ "ಬಂತಾ?" ಅನ್ನಬೇಕು, ಹೆಂಡತಿ ಆ ತುದಿಯಿಂದ "ಬಂತು" ಅನ್ನಬೇಕು, ಗಂಡ "ಹಾಂ" ಅನ್ನಬೇಕು. ಮದುವೆಯಾದಾಗಿನಿಂದ ಅವರಿಬ್ಬರು ಆಡಿದ ಮಾತಿನಲ್ಲಿ ಅರ್ಧ ಇದೇ. (ಉಳಿದರ್ಧ ಬೈಗುಳ. ಅದರಲ್ಲಿ ಅವನ ಪಾಲು ಬಹಳ ಕಮ್ಮಿ.)

ಹಾಗಾಗಿ ಮನೆಗೆ ನೆಟ್ ಬಂದಾಗ ದೇವರಾಜು ಅದನ್ನು ನೀರಿನ ಬಾಬತ್ತು ಅಂತಲೇ ತಿಳಿದ. ಗೋಡೆ ಅಂದರೆ ಬದು. ಕಬ್ಬಿಣದ ಸಾಮಾನು ಅಂದರೆ ಕಾಲುವೆಗೆ ಅಡ್ಡ ಬಿದ್ದ ಬಂಡೆ. ಫೋನ್ ಹಿಡಿದು ಮನೆಯೆಲ್ಲ ಸುತ್ತಿ ವರದಿ ಒಪ್ಪಿಸುತ್ತಿದ್ದ: "ಅಡುಗೆಮನೆ ಚೆನ್ನಾಗಿ ನೆಂದಿದೆ. ಸೊಸೆ ರೂಮು ಅರ್ಧ ಒಣ. ಕೊಟ್ಟಿಗೆಗೆ ಒಂದು ಹನೀನೂ ಹೋಗಿಲ್ಲ."

"ಹಸುಗೆ ಯಾಕ್ರೀ ನೆಟ್ಟು?"

"ಹಸುಗಲ್ಲ ಕಣೇ. ಹಾಲು ಕರೆಯೋಳಿಗೆ. ಕೂತ್ಕೊಂಡು ಏನಾದ್ರೂ ಕೇಳ್ಬಹುದಲ್ಲ."

"ಹಾಲು ಕರೆಯೋಳಿಗೆ ಹಸು ಒದೀದಿದ್ರೆ ಸಾಕು."

ಆದರೂ ಅವನಿಗೆ ಅದೇ ಕೊರಗು. ಕೊಟ್ಟಿಗೆ ನೆನೆಯಬೇಕು, ಅದಕ್ಕೆ ಹೊಸ ಡಬ್ಬಿ ತರಬೇಕು. ಅವತ್ತು ಮಧ್ಯಾಹ್ನವೇ ಮಗ ಅಶ್ವಥ್‌ನ ಪಿಕಪ್ಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಕುಶಾಲನಗರಕ್ಕೆ ಹೋದರು. (ಅಶ್ವಥ್ ಬೇರೆಯವರ ಶುಂಠಿ ಮೂಟೆ ಸಾಗಿಸುತ್ತಾನೆ. ಅಪ್ಪ ಅವ್ವ ಹತ್ತಿದರೆ ಮೂಟೆಗಿಂತ ತೂಕ, ಮೂಟೆಗಿಂತ ಗಲಾಟೆ ಅನ್ನುತ್ತಾನೆ.)

ಶಶಿಧರನ ಮೊಬೈಲ್ ಅಂಗಡಿಯಲ್ಲಿ ದೇವರಾಜು ಒಂದೊಂದೇ ಡಬ್ಬಿ ಕೈಯಲ್ಲಿ ಹಿಡಿದು ತೂಕ ನೋಡಿದ. ಬೆನ್ನು ತಟ್ಟಿದ. ಆಂಟೆನಾದ ಕೊಂಬು ಅಲ್ಲಾಡಿಸಿದ.

"ಇದು ಎಷ್ಟು ದೂರ ಎಸೆಯುತ್ತೆ?"

"ಎಸೆಯಲ್ಲಣ್ಣ, ಸಿಗ್ನಲ್ ಕೊಡುತ್ತೆ."

"ಅದೇ. ಎಷ್ಟು ದೂರ ಕೊಡುತ್ತೆ?"

"ಇದ್ರಲ್ಲಿ ಎರಡು ಬ್ಯಾಂಡ್ ಇದೆ. ಒಂದು ದೂರ ಹೋಗುತ್ತೆ, ಸ್ವಲ್ಪ ನಿಧಾನ. ಇನ್ನೊಂದು ಜೋರು, ಆದ್ರೆ ಹತ್ತಿರಕ್ಕೆ ಮಾತ್ರ."

ದೇವರಾಜು ಹೆಂಡತಿ ಕಡೆ ತಿರುಗಿ ಭಾಷಾಂತರ ಮಾಡಿದ: "ಒಂದು ಸ್ಪ್ರಿಂಕ್ಲರ್ರು, ಇನ್ನೊಂದು ಬರೀ ಪೈಪು." ಮತ್ತೆ ಶಶಿಧರನಿಗೆ, "ಸಿಡಿಲು ಹೊಡೆದ್ರೆ?"

"ಸಿಡಿಲಿಗೆ ವಾರಂಟಿ ಬರಲ್ಲ."

"ಇನ್ಯಾತಕ್ಕೆ ಬರುತ್ತೆ?"

"ತಾನಾಗೇ ಕೆಟ್ರೆ."

"ನಮ್ಮ ಕಡೆ ಯಾವ ಡಬ್ಬಿ ತಾನಾಗೇ ಕೆಟ್ಟಿದೆ ಮಾರಾಯ? ಸಿಡಿಲಿಗೇ ಕಾಯ್ತಾ ಕೂತಿರುತ್ತೆ."

ಕೊನೆಗೆ ಏನೂ ತಗೊಳ್ಳಲಿಲ್ಲ. ಮುಂದಿನ ಸಂತೆಗೆ ಬರ್ತೀನಿ ಅಂದ. ಪಂಪ್‌ಸೆಟ್ಟಾದರೂ ಅಷ್ಟೇ, ಕೊಡಲಿ ಕಾವಾದರೂ ಅಷ್ಟೇ, ಮೊದಲ ಸಲ ಹೋಗಿ ತಗೊಳ್ಳುವುದು ಅವನ ವಂಶದಲ್ಲೇ ಇರಲಿಲ್ಲ.

ದಾರಿಯಲ್ಲಿ ಲಿಂಗಮ್ಮ ಶುರು ಮಾಡಿದಳು. "ಒಂದು ಡಬ್ಬಿ ತಗೊಳ್ಳೋಕೆ ಹೆಣ್ಣು ನೋಡೋಕೆ ಬಂದಂಗೆ ಆಡ್ತೀರಲ್ಲ."

"ಹೆಣ್ಣು ನೋಡೋಕೆ ಬಂದಾಗ ಇಷ್ಟು ವಿಚಾರಿಸಿದ್ರೆ..." ಅಂತ ಹೊರಟವನು ಅವಳ ಮುಖ ನೋಡಿ ಮಾತಿನ ಗೇರ್ ಬದಲಾಯಿಸಿದ. "...ಆಗ್ಲೂ ನಿನ್ನೇ ತರ್ತಿದ್ದೆ."

ಅಶ್ವಥ್ ನಕ್ಕು ಪಿಕಪ್ಪನ್ನು ಗುಂಡಿಗೆ ಇಳಿಸಿದ. ಮೂವರಿಗೂ ಬೆನ್ನು ನೋವಾಯಿತು. ಮನೆಗೆ ಬಂದು ಉಪ್ಪು ಸಾರು ಉಂಡು ಮಲಗಿದರು. ಅಂಥ ದಿನ.

ಮಾರನೆಯ ಬೆಳಿಗ್ಗೆ ಅವನು ಮೋಟರ್ ಮನೆಗೆ ಹೋದ. ಅವಳು ಹೊಲದ ಆ ತುದಿಯಲ್ಲಿ ನಿಂತಳು. "ಬಂತಾ?" ಅನ್ನುವುದು ಕೇಳಿಸಿತು. ಸ್ಪ್ರಿಂಕ್ಲರ್ ಕೆಮ್ಮಿ, ಉಗುಳಿ, ತಿರುಗಿತು. "ಬಂತು!" ಅಂತ ಕೂಗಿದಳು. ಅವನು "ಹಾಂ" ಅನ್ನಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೂಗಿದಳು. ಆಮೇಲೆ ನೀರಿನಲ್ಲಿ ನೆನೆಯುತ್ತಲೇ ಓಡಿದಳು.

ಅಷ್ಟೇ. ಅದನ್ನು ಬಿಡಿಸಿ ಹೇಳುವುದಕ್ಕೆ ಏನೂ ಇಲ್ಲ.

ತಿಥಿ ಆಯಿತು. ಶುಂಠಿ ಕಿತ್ತಾಯಿತು. ರೇಷನ್ ಕಾರ್ಡಿನಿಂದ ದೇವರಾಜುವಿನ ಹೆಸರು ತೆಗೆದರು. ಹಾಲಿನ ಡೈರಿಯಲ್ಲಿ ತೆಗೆದು ಲಿಂಗಮ್ಮನದು ಬರೆದರು. ಕರೆಂಟಿನ ಮೀಟರಿಗೂ ಹೆಸರು ಬದಲಾಯಿಸಬೇಕು ಅಂತ ಅಶ್ವಥ್ ಓಡಾಡುತ್ತಿದ್ದ. ಹೆಸರು ಉಳಿದಿದ್ದು ವೈಫೈ ಗಾಳಿಯಲ್ಲಿ ಮಾತ್ರ.

ಈ ಗಾಳಿಯ ಹೆಸರಿನ ವಿಷಯ ಇಲ್ಲಿ ಹೇಳಿಬಿಡಬೇಕು. ಮುಂದಿನ ರಂಪವೆಲ್ಲ ಅದರಿಂದಲೇ ಆಗಿದ್ದು. ಹಿಂದೆ ಮೊದಲ ಡಬ್ಬಿ ಕೂರಿಸಲು ಬಂದವನು, "ಇದಕ್ಕೊಂದು ಹೆಸರು ಬೇಕು. ಸುತ್ತಮುತ್ತ ಯಾರು ಫೋನ್ ತೆಗೆದ್ರೂ ಅದು ಕಾಣುತ್ತೆ" ಅಂದಿದ್ದ. ದೇವರಾಜು ಅವನ ಕಿವಿಯಲ್ಲಿ ಏನೋ ಹೇಳಿ ಹಾಕಿಸಿದ್ದ.

"ಯಾರ ಹೆಸರು ಹಾಕ್ಸಿದ್ರಿ?" ಅಂತ ಲಿಂಗಮ್ಮ ಕೇಳಿದ್ದಳು.

"ನಂದೇ."

"ಗಾಳಿಗೂ ನಿಮ್ಮ ಹೆಸರೇ ಬೇಕಿತ್ತಾ? ಮೇಲೆ ಹೆಲಿಕಾಪ್ಟರಲ್ಲಿ ಹೋಗೋ ಮಂತ್ರಿಗಳು ನೋಡ್ತಾರೇನೋ."

ಫೋನಿನಲ್ಲಿ ಆ ಹೆಸರು ಇಂಗ್ಲಿಷಿನಲ್ಲಿತ್ತು. ಲಿಂಗಮ್ಮ ಕನ್ನಡವನ್ನೇ ಒಂದೊಂದು ಅಕ್ಷರ ಕೈ ಹಿಡಿದು ನಡೆಸಿಕೊಂಡು ಓದುವವಳು. ಇಂಗ್ಲಿಷ್ ಅವಳಿಗೆ ಇರುವೆ ಸಾಲು. ಆದರೆ ಗಂಡ ಹೋದ ಮೇಲೆ ಆ ಇರುವೆ ಸಾಲಿನ ಮೇಲೆ ದಿನಾ ಹೆಬ್ಬೆರಳು ಸವರುತ್ತಿದ್ದಳು. ಮನೆ ಎದುರೇ ಬಸ್ ಸ್ಟಾಪು. ಅಲ್ಲಿ ಕೂತವರನ್ನು ಬೇಲಿ ಹತ್ತಿರ ಹೋಗಿ ಕೇಳುತ್ತಿದ್ದಳು: "ನಮ್ಮನೆಯವರ ಹೆಸರು ಬರ್ತಾ ಇದೆಯೇನಪ್ಪ ನಿಮ್ಮ ಫೋನಲ್ಲಿ?"

ಅವರು ಫೋನ್ ನೋಡುತ್ತಿದ್ದರು. "ಬರ್ತಿದೆ ಅಕ್ಕ," ಅಂದು ಕೆಮ್ಮಿ ಮುಖ ಆಚೆ ತಿರುಗಿಸುತ್ತಿದ್ದರು. ಕೆಲವರು ಕಣ್ಣೂ ಒರೆಸಿಕೊಳ್ಳುತ್ತಿದ್ದರು.

"ಎಷ್ಟು ಪ್ರೀತಿ ಇವರಿಗೆಲ್ಲ ನಿಮ್ಮಪ್ಪನ ಮೇಲೆ," ಅಂತ ಲಿಂಗಮ್ಮ ಮಗನಿಗೆ ಹೇಳಿದಳು. "ಹೆಸರು ನೋಡಿದ್ರೆ ಸಾಕು, ಅಳು ತಡೆಯೋಕಾಗಲ್ಲ."

ಅಶ್ವಥ್ ಕೂಡ ಕೆಮ್ಮಿ ಎದ್ದು ಹೋದ.

ಹೀಗಿರುವಾಗ ಬೇಸಿಗೆ ಮಳೆ ಬಂತು. ಒಂದು ಸಂಜೆ ಹಿತ್ತಿಲ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಹೊಡೆದು ವೈಫೈ ಡಬ್ಬಿ ಅರ್ಧ ಸತ್ತಿತು. ಪೂರ್ತಿ ಸಾಯಲಿಲ್ಲ. ಸ್ವಲ್ಪ ಹೊತ್ತು ನಡೆಯುವುದು, ಸ್ವಲ್ಪ ಹೊತ್ತು ಮುನಿಸಿಕೊಳ್ಳುವುದು. ಸೊಸೆ ದಿವ್ಯಶ್ರೀ ಸಂಜೆ ಹೊತ್ತು ಫೋನಿನಲ್ಲಿ ಊರೂರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಡಬ್ಬಿ ಮುನಿಸಿಕೊಂಡಾಗೆಲ್ಲ ಮಕ್ಕಳ ಫೋನಿನಲ್ಲಿ ಅವಳ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಮಕ್ಕಳು ಆ ಮುಖದ ಫೋಟೋ ತೆಗೆದು ಅವಳಿಗೇ ಕಳಿಸಿದರು.

"ನಾಳೆ ಹೊಸದು ಬರ್ಬೇಕು," ಅಂದಳು ದಿವ್ಯಶ್ರೀ.

ಅಶ್ವಥ್ ತಂದ. ಬೆಳ್ಳಗೆ, ಗುಂಡಗೆ, ಮುಚ್ಚಳ ಹಾಕಿದ ಇಡ್ಲಿ ಪಾತ್ರೆಯ ಹಾಗಿತ್ತು.

"ಇದಕ್ಕೆ ಕೊಂಬೆಲ್ಲಿ?" ಅಂದಳು ಲಿಂಗಮ್ಮ.

"ಒಳಗಿದೆ ಅವ್ವ."

"ಒಳಗಿರೋ ಕೊಂಬಲ್ಲಿ ಯಾವ ಎತ್ತು ಹಾಯುತ್ತೆ?"

"ಇದು ಎತ್ತಲ್ಲ ಅವ್ವ!"

ಹೊಸದನ್ನು ನಡುಮನೆಯ ಗಿಡ್ಡ ಮೇಜಿನ ಮೇಲೆ ಹಾಕಿದ. ಎಲ್ಲರ ಫೋನಿಗೂ ಜೋರಾಗಿ ನೆಟ್ ಬಂತು. ಲಿಂಗಮ್ಮ ತನ್ನ ಫೋನ್ ನೋಡಿಕೊಂಡಳು. ಇರುವೆ ಸಾಲು ಮಾಯ. ಆ ಜಾಗದಲ್ಲಿ ಬೇರೆ ಸಾಲು, ಗಿಡ್ಡಗೆ, ಗುರುತಿಲ್ಲದ್ದು.

ಹೀಗೋ, ಅಂದುಕೊಂಡಳು. ಹೊಸ ಡಬ್ಬಿ ಬಂದರೆ ಅವರ ಹೆಸರು ಹೋಗುತ್ತೆ. ರೇಷನ್ ಕಾರ್ಡಿನವರು ತೆಗೆದರು, ಡೈರಿಯವರು ತೆಗೆದರು, ಈಗ ಮನೆಯವರೇ ತೆಗೆದರು.

ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಬೈಯಲು ಬರುತ್ತದೆ, ಕೇಳಲು ಬರುವುದಿಲ್ಲ. ಮಗ ಸೊಸೆ ಆಚೆ ಹೋದ ಕೂಡಲೇ ಅಕ್ಕಿ ತುಂಬಿದ ಕಬ್ಬಿಣದ ಡ್ರಮ್ಮನ್ನು ಉರುಳಿಸಿಕೊಂಡು ಬಂದು ಡಬ್ಬಿಯ ಮುಂದೆ ನಿಲ್ಲಿಸಿದಳು. ಕಾಲುವೆಗೆ ಬಂಡೆ. ಗಂಡ ಕಲಿಸಿದ ವಿದ್ಯೆ ಎಲ್ಲಿ ಹೋಗುತ್ತೆ?

ಸಂಜೆ ದಿವ್ಯಶ್ರೀಯ ಬಾಯಿ ಮತ್ತೆ ತೆರೆದೇ ನಿಂತಿತು. "ನಾನು ಹೇಳಲಿಲ್ವಾ," ಅಂದಳು ಲಿಂಗಮ್ಮ. "ಕೊಂಬಿಲ್ಲ ಅದಕ್ಕೆ."

ಅಕ್ಕಿ ಡ್ರಮ್ಮು ಜಾಗ ಬದಲಿಸಿದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಡಬ್ಬಿ ಅಂಗಡಿಗೆ ವಾಪಸ್ ಹೋಯಿತು. ಶಶಿಧರ ಅದನ್ನು ಹಾಕಿ ನೋಡಿದ. ಅಂಗಡಿಯಲ್ಲಿ ಕುದುರೆ ಹಾಗೆ ಓಡಿತು. ತಲೆ ಕೆರೆದುಕೊಂಡು ಬೇರೆ ಕೊಟ್ಟ. ಅದು ಕಪ್ಪಗಿತ್ತು, ಮೈ ತುಂಬ ಕೊಂಬು.

"ಅಂಗಾತ ಬಿದ್ದ ಜಿರಳೆ," ಅಂದಳು ಲಿಂಗಮ್ಮ. ಇದಕ್ಕೆ ಡ್ರಮ್ಮೊಂದೇ ಸಾಲಲಿಲ್ಲ, ಡ್ರಮ್ಮಿನ ಮೇಲಿಂದ ಕೊಂಬು ಚಾಚಿ ಎಸೆಯುತ್ತಿತ್ತು. ಹಾಗಾಗಿ ದೋಸೆ ಕಾವಲಿಯನ್ನು ಎದುರಿನ ಮೊಳೆಗೆ ನೇತು ಹಾಕಿದಳು. ಹಿಟ್ಟು ಕಲಸುವ ಪರಾತವನ್ನು ಪಕ್ಕಕ್ಕೆ ಒರಗಿಸಿದಳು. ಕೋಟೆ ಸಿದ್ಧವಾಯಿತು. ದಿವ್ಯಶ್ರೀ ಬಚ್ಚಲ ಹಿಂದೆ, ಬಸಳೆ ಚಪ್ಪರದ ಕೆಳಗೆ, ಪಕ್ಕದ ಮನೆಯ ಬೇಲಿಯ ಹತ್ತಿರ ಎಲ್ಲೆಲ್ಲೋ ನಿಂತು ಭಾಗಾಕಾರ ಹೇಳಿಕೊಟ್ಟಳು.

ಪಕ್ಕದ ಮನೆಯ ಪೊನ್ನಪ್ಪನವರು ಮಿಲಿಟರಿಯಿಂದ ನಿವೃತ್ತರಾದವರು. ದಿನವಿಡೀ ಜಗಲಿಯಲ್ಲಿ ಫೋನ್ ನೋಡುತ್ತಾ ಕೂರುವವರು. ಬೇಲಿ ಆಚೆಯಿಂದ ಕೇಳಿದರು: "ಏನು ಲಿಂಗಮ್ಮ, ನಿಮ್ಮ ನೆಟ್ಟಿಗೆ ಏನಾಗಿದೆ? ಬರ್ತಾನೇ ಇಲ್ಲ?"

"ನಮ್ಮ ನೆಟ್ಟಿನ ಚಿಂತೆ ನಿಮಗ್ಯಾಕೆ ಪೊನ್ನಪ್ಪನೋರೇ? ನಿಮಗೇನು ಅದ್ರಲ್ಲಿ ಪಾಲಿದೆಯಾ?"

ಪೊನ್ನಪ್ಪನವರು ಗಡ್ಡ ಕೆರೆದುಕೊಂಡು ಒಳಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ದಿವ್ಯಶ್ರೀ ದೋಸೆ ಹುಯ್ಯಲು ಹೊರಟಳು. ಕಾವಲಿ ಇಲ್ಲ. ಹುಡುಕಿಕೊಂಡು ನಡುಮನೆಗೆ ಬಂದಳು.

"ಅತ್ತೆ, ಕಾವಲಿ ಯಾಕೆ ಇಲ್ಲಿ ನೇತಾಡ್ತಿದೆ?"

"ಒಣಗ್ಲಿ ಅಂತ."

"ಪರಾತ?"

"ಅದೂ."

"ಅಕ್ಕಿ ಡ್ರಮ್ಮು?"

ಲಿಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೊಸದು ಹಾಕಿದ್ರೆ ಅವರ ಹೆಸರು ಹೋಗುತ್ತೆ ಕಣೇ. ಫೋನಲ್ಲಿ ನೋಡ್ದೆ. ಹೋಗೇಬಿಟ್ಟಿತ್ತು."

ದಿವ್ಯಶ್ರೀ ಡ್ರಮ್ಮಿನ ಮೇಲೆ ಕೂತಳು. ಬೈಯಬೇಕು ಅಂತ ತೆಗೆದ ಬಾಯಿ ಹಾಗೇ ನಿಂತಿತು. (ಈ ಸಲ ನೆಟ್ಟಿನ ತಪ್ಪಲ್ಲ.)

"ಅತ್ತೆ, ಹೆಸರು ಡಬ್ಬಿಗೆ ಹುಟ್ಟಿಂದ ಬರಲ್ಲ. ನಾವು ಹಾಕೋದು. ಯಾವ ಡಬ್ಬಿಗೆ ಬೇಕಾದ್ರೂ ಆ ಹೆಸರೇ ಹಾಕ್ಬಹುದು."

"ಅದನ್ನ ಮೊದಲೇ ಹೇಳ್ಬಾರದಿತ್ತಾ?"

"ನೀವು ಕೇಳಿದ್ರಾ? ಕೊಂಬೆಲ್ಲಿ ಅಂದ್ರಿ, ಜಿರಳೆ ಅಂದ್ರಿ." ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. "ಆದ್ರೆ ಅತ್ತೆ, ಆ ಹೆಸರು..."

"ಏನು?"

"ಏನಿಲ್ಲ. ಅದೇ ಹಾಕಿಸೋಣ."

ಈ ಸಲ ಮಗ ಸೊಸೆಯನ್ನು ಕರೆದುಕೊಂಡು ಲಿಂಗಮ್ಮ ತಾನೇ ಹೊರಟಳು. ಸಂತೆ ದಿನ, ಶಶಿಧರನ ಅಂಗಡಿ ಗಿಜಿಗುಡುತ್ತಿತ್ತು. ಅವಳು ಒಂದೊಂದೇ ಡಬ್ಬಿ ಕೈಯಲ್ಲಿ ಹಿಡಿದು ತೂಕ ನೋಡಿದಳು. ಬೆನ್ನು ತಟ್ಟಿದಳು. ಕೊಂಬು ಅಲ್ಲಾಡಿಸಿದಳು.

"ಎಷ್ಟು ದೂರ ಎಸೆಯುತ್ತೆ?"

ಶಶಿಧರ ಈಗ ತಿದ್ದಲಿಲ್ಲ. "ಗೋಡೆ ದಾಟಿ ಕೊಟ್ಟಿಗೆ ತನಕ ಎಸೆಯುತ್ತೆ ಅಕ್ಕ. ಎತ್ತರದಲ್ಲಿಡಿ, ಕಬ್ಬಿಣ ಹತ್ತಿರ ಇಡ್ಬೇಡಿ."

"ಕಬ್ಬಿಣದ ವಿಷಯ ನಂಗೆ ಹೇಳ್ಬೇಡ. ಕರೆಂಟ್ ಹೋದ್ರೆ?"

"ಇದಕ್ಕೆ ಪುಟ್ಟ ಬ್ಯಾಟರಿ ಜೋಡಿಸಿಕೊಡ್ತೀನಿ."

"ಸಿಡಿಲಿಗೆ?"

"ಸಂಜೆ ಪ್ಲಗ್ಗೂ ವೈರೂ ಕಿತ್ತಿಡಿ, ಬೆಳಿಗ್ಗೆ ಹಾಕಿ. ಅದಕ್ಕಿಂತ ದೊಡ್ಡ ವಾರಂಟಿ ಯಾವ ಕಂಪನಿನೂ ಕೊಡಲ್ಲ."

ಕೊನೆಗೆ ಒಂದನ್ನು ಆರಿಸಿದಳು. ನಾಲ್ಕು ಕೊಂಬು, ಹದವಾದ ತೂಕ, ಮುಖದಲ್ಲಿ ಸಾಧುತನ. ದೇವರಾಜು ಇದನ್ನೇ ಆರಿಸುತ್ತಿದ್ದ. (ಆದರೆ ಇನ್ನೊಂದು ಸಂತೆ ಕಳೆದ ಮೇಲೆ.)

"ಹಳೇ ಹೆಸರು, ಹಳೇ ಪಾಸ್‌ವರ್ಡ್ ಎರಡೂ ಹಾಕಪ್ಪ," ಅಂದಳು. ಶಶಿಧರ ದಿವ್ಯಶ್ರೀಯ ಫೋನ್ ನೋಡಿಕೊಂಡು ಹಾಕಿದ. "ಈಗ ಹೆಸರನ್ನ ಜೋರಾಗಿ ಓದು. ಎಲ್ರಿಗೂ ಕೇಳ್ಬೇಕು."

ಶಶಿಧರ ಅಶ್ವಥ್‌ನನ್ನು ನೋಡಿದ. ಅಶ್ವಥ್ ಫ್ಯಾನು ನೋಡಿದ. ದಿವ್ಯಶ್ರೀ ಮೊಬೈಲ್ ಕವರುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

"ಓದಲೇಬೇಕಾ ಅಕ್ಕ?"

"ಓದಪ್ಪ. ಹೋದವರ ಹೆಸರು ಓದೋಕೆ ಏನು ನಾಚಿಕೆ?"

ಶಶಿಧರ ಗಂಟಲು ಸರಿ ಮಾಡಿಕೊಂಡ. "ಲಿಂಗಮ್ಮ ಬೈತಾಳೆ."

"ಏನಂದೆ?"

"ನಾನಂದಿದ್ದಲ್ಲ ಅಕ್ಕ. ಹೆಸರೇ ಅದು. ಮೊದಲಿಂದಲೂ. 'ಲಿಂಗಮ್ಮ ಬೈತಾಳೆ'."

ಇಯರ್‌ಫೋನ್ ಕೊಳ್ಳಲು ಬಂದಿದ್ದ ಒಬ್ಬ ಮೂಗಿನಲ್ಲಿ ನಕ್ಕ.

ಲಿಂಗಮ್ಮನಿಗೆ ಬಸ್ ಸ್ಟಾಪಿನ ಕೆಮ್ಮೆಲ್ಲ ಒಂದೊಂದಾಗಿ ಅರ್ಥವಾಯಿತು. ಕಣ್ಣು ಒರೆಸಿಕೊಂಡವರೂ ಅರ್ಥವಾದರು.

"ಪಾಸ್‌ವರ್ಡ್ ಕೇಳೋರ ಕಾಟ ತಪ್ಪಲಿ ಅಂತ ಅಪ್ಪ ಹಾಕ್ಸಿದ್ದು ಅವ್ವ," ಅಂದ ಅಶ್ವಥ್, ಫ್ಯಾನಿಗೆ. "ಈ ಹೆಸರು ನೋಡಿದ ಮೇಲೆ ಯಾರೂ ಕೇಳೋಕೆ ಬರಲ್ಲ ಅಂದ್ರು. ನಿಂಗೆ ಹೇಳ್ಬೇಡ ಅಂದ್ರು. ಹೇಳಿದ್ರೆ..."

"ಹೇಳಿದ್ರೆ?"

"ಬೈತೀಯ ಅಂತ."

ಬೈದಳು. ಮಗನನ್ನು ಬೈದಳು, ಸೊಸೆಯನ್ನು ಬೈದಳು, ಶಶಿಧರನನ್ನು ಬೈದಳು, ಮೂಗಿನಲ್ಲಿ ನಕ್ಕವನನ್ನು ಅವನ ಮೂಗು ಸಮೇತ ಬೈದಳು. ಆಮೇಲೆ ಕೆಳಗಿನವರನ್ನೆಲ್ಲ ಬಿಟ್ಟು ಮೇಲಕ್ಕೆ ತಿರುಗಿದಳು. "ನಂದೇ ಹೆಸರು ಅಂದ್ರಲ್ರೀ! ಸುಳ್ಳು ಹೇಳಿ, ಊರಿಗೆಲ್ಲ ಡಂಗುರ ಹೊಡ್ಸಿ, ನೀವು ಮಾತ್ರ ಆರಾಮಾಗಿ ಹೋದ್ರಲ್ರೀ! ಆ ಸ್ಟೂಲಿನ ಕಾಲನ್ನಾದ್ರೂ ಸರಿ ಮಾಡಿ ಹೋದ್ರಾ?"

ದೇವರಾಜು ಹೋದ ಮೇಲೆ ಅವಳು ಅವನನ್ನು ಬೈದಿದ್ದು ಅದೇ ಮೊದಲು. ಸತ್ತವರನ್ನು ಬೈಯಬಾರದು ಅಂತ ಯಾರೋ ಹೇಳಿದ್ದರು. ಬೈದರೆ ಎಷ್ಟು ಹಿತ ಅಂತ ಯಾರೂ ಹೇಳಿರಲಿಲ್ಲ. ಬೈಯುತ್ತಾ ಬೈಯುತ್ತಾ ಅಳು ಬಂತು. ಅಳುತ್ತಾ ಅಳುತ್ತಾ ನಗು ಬಂತು. ದಿವ್ಯಶ್ರೀ ಸ್ಟೂಲು ತಂದು ಕೂರಿಸಿದಳು. (ಅಂಗಡಿಯ ಸ್ಟೂಲಿನ ಕಾಲು ಗಟ್ಟಿಯಿತ್ತು.)

"ಅಕ್ಕ, ಬದಲಾಯಿಸ್ಲಾ?" ಅಂದ ಶಶಿಧರ ಮೆಲ್ಲಗೆ. "ದೇವರಾಜು ಅಂತ ಹಾಕ್ತೀನಿ. ಈಗಲೇ ಆಗೋ ಕೆಲಸ."

ಲಿಂಗಮ್ಮ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದಳು. ಅವರ ಹೆಸರು ಹಾಕಿದರೆ ಅದು ಬರೀ ಹೆಸರು, ಮೀಟರಿನ ಮೇಲೆ ಇದ್ದ ಹಾಗೆ. ಇದಾದರೋ ಅವರು ಆಡಿದ ಮಾತು.

"ಬೇಡ," ಅಂದಳು. "ಅದೇ ಇರ್ಲಿ."

ಹೊಸ ಡಬ್ಬಿ ನಡುಮನೆಯ ಎತ್ತರದ ಹಲಗೆ ಮೇಲೆ ಕೂತಿತು. ಡ್ರಮ್ಮು, ಪರಾತ, ಕಾವಲಿ ಅಡುಗೆಮನೆಗೆ ಮರಳಿದವು. ಅಡುಗೆಮನೆ ನೆನೆಯಿತು, ಸೊಸೆಯ ರೂಮು ನೆನೆಯಿತು, ಕೊಟ್ಟಿಗೆಯೂ ನೆನೆಯಿತು. ಅವತ್ತು ಸಂಜೆ ಗುಡುಗಿತು, ಲಿಂಗಮ್ಮ ಎಲ್ಲ ಕಿತ್ತಿಟ್ಟಳು.

ಮಾರನೆಯ ಬೆಳಿಗ್ಗೆ ಸ್ಟೂಲು ಹತ್ತಿ, ಸೆರಗಿನ ತುದಿಯಿಂದ ನಾಲ್ಕು ಕೊಂಬನ್ನೂ ಒರೆಸಿ, ವೈರು ಸಿಕ್ಕಿಸಿ, ಪ್ಲಗ್ ತಳ್ಳಿದಳು. ಬಾಯಿ ತಾನಾಗೇ ಅಂದುಬಿಟ್ಟಿತು:

"ಬಂತಾ?"

ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಅಂಗಳದಲ್ಲಿ ಹಸು ಒಂದೇ. ಲಿಂಗಮ್ಮ ಸ್ಟೂಲಿನ ಮೇಲೆ ಹಾಗೇ ನಿಂತಳು.

"ಬಂತು!" ಅಂತು ಬೇಲಿಯಾಚೆಯಿಂದ ಒಂದು ಮಿಲಿಟರಿ ಗಂಟಲು. ಕೂಡಲೇ ನಾಲಿಗೆ ಕಚ್ಚಿಕೊಂಡ ಹಾಗೆ ಸುಮ್ಮನಾಯಿತು.

ಲಿಂಗಮ್ಮ ಇಳಿದು ಬಂದಳು. ಪೊನ್ನಪ್ಪನವರು ಫೋನನ್ನು ಬೆನ್ನ ಹಿಂದೆ ಹಿಡಿದು ಸೆಟೆದು ನಿಂತಿದ್ದರು.

"ನಿಮಗೆ ಹೆಂಗೆ ಬಂತು ಪೊನ್ನಪ್ಪನೋರೇ?"

"ಪಾಸ್‌ವರ್ಡ್ ದೇವರಾಜಣ್ಣನೇ ಕೊಟ್ಟಿದ್ದು ಲಿಂಗಮ್ಮ. ಮೊದಲ ದಿನಾನೇ. ಲಿಂಗಿಗೆ ಮಾತ್ರ ಹೇಳ್ಬೇಡಿ ಅಂದಿದ್ದ."

"ಕೇಳೋರ ಕಾಟ ತಪ್ಪಲಿ ಅಂತ ನನ್ನ 'ಬೈತಾಳೆ' ಮಾಡಿ, ಕೇಳಿದೋರಿಗೆಲ್ಲ ಇವರೇ ಕೊಟ್ರಾ? ಇನ್ಯಾರ್ಯಾರಿಗೆ ಕೊಟ್ಟಿದ್ರು?"

ಪೊನ್ನಪ್ಪನವರ ಕಣ್ಣು ರಸ್ತೆ ಕಡೆ ಹೋಯಿತು. ಬಸ್ ಸ್ಟಾಪಿನಲ್ಲಿ ಕೂತವರೆಲ್ಲ ಒಟ್ಟಿಗೇ ಫೋನುಗಳನ್ನು ಜೇಬಿಗೆ ಇಳಿಸಿದರು.

ಬಸ್ಸು ಬರುವ ತನಕ ಲಿಂಗಮ್ಮ ಬೈದಳು. ಗಾಳಿಯಲ್ಲಿ ಬರೆದಿದ್ದು ಸುಳ್ಳಾಗಬಾರದಲ್ಲ. ಪಾಸ್‌ವರ್ಡ್ ಮಾತ್ರ ಬದಲಾಯಿಸಲಿಲ್ಲ.

ಈಗಲೂ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ಕೆಲಸ. ಅಲ್ಲಾಡುವ ಸ್ಟೂಲು ಹತ್ತುತ್ತಾಳೆ. ಕೊಂಬು ಒರೆಸುತ್ತಾಳೆ. ಪ್ಲಗ್ ತಳ್ಳುತ್ತಾಳೆ.

"ಬಂತಾ?"

"ಬಂತು!" ಅನ್ನುತ್ತದೆ ಬೇಲಿಯ ಆ ಕಡೆ.

"ಹಾಂ," ಅಂದು ಇಳಿಯುತ್ತಾಳೆ.